ಗ್ಯಾರೇಜಿನಲ್ಲಿ ಕೆತ್ತಿದ ಗೋರಿಕಲ್ಲು

ಮೊದಲು ಈ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ. ಕೆಡವಿದರೂ ಚಿಂತೆಯಿಲ್ಲ, ಕಾಲಿನ ಮೇಲೆ ಬಿದ್ದರೆ ಗೊತ್ತೂ ಆಗುವುದಿಲ್ಲ. ನೋಡಿದರೆ ಇಬ್ಬರು ಸೇರಿ ಎತ್ತಬೇಕಾದ ಸ್ಲೇಟುಕಲ್ಲು, ತೂಗಿದರೆ ಒಂದು ಕಿಲೋ ಬರುವುದಿಲ್ಲ. ಹತ್ತಿರ ಹಿಡಿದಿರುವವರಿಗೆ ಬ್ರಷ್ಷಿನ ಗೆರೆ, ಅಂಚಿನಲ್ಲಿ ಇಣುಕುವ ಗುಲಾಬಿ ಫೋಮು, ಬಲಗಡೆ ನನ್ನ ಹೆಬ್ಬೆಟ್ಟಿನ ಅಚ್ಚು ಎಲ್ಲವೂ ಕಾಣುತ್ತಿರಬೇಕು. ಕಾಣಲಿ. ಈಗ ಅದನ್ನು ಆ ಬಾಗಿಲ ಪಕ್ಕ ಒರಗಿಸಿ, ಇಲ್ಲಿಂದ ನೋಡಿ. ಹೆಬ್ಬೆಟ್ಟು ಎಲ್ಲಿ ಹೋಯಿತು?

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿಸ್ತಾರ. ನಮ್ಮ ಮನೆ ಮುಂದಿನ ಕಾಲುದಾರಿಗೂ ಹುಲ್ಲಿನಲ್ಲಿ ನೆಟ್ಟ ಕಲ್ಲಿಗೂ 15 ಅಡಿ ದೂರ. ಹೊತ್ತು ಅಕ್ಟೋಬರ್ 31ರ ಸಂಜೆ ಆರೂಕಾಲರಿಂದ ಎಂಟೂವರೆ, ಮಕ್ಕಳು ವೇಷ ಹಾಕಿ ಮಿಠಾಯಿಗೆ ಮನೆಮನೆಯ ಬಾಗಿಲು ತಟ್ಟುವ ಹ್ಯಾಲೊವೀನ್ ಹಬ್ಬ. ನೋಡುವವನು ಎಂಟು ವರ್ಷದ ಹುಡುಗ, ಬಾಯಲ್ಲಿ ಚಾಕೊಲೇಟು, ಮುಖವಾಡದ ತೂತಿನಿಂದ ಜಗತ್ತು ಅರ್ಧಂಬರ್ಧ ಕಾಣುತ್ತಿದೆ. ನಾವು ಮಾಡುವುದು ಆ ಹುಡುಗನಿಗೆ, ಆ ದೂರಕ್ಕೆ, ಆ ಬೆಳಕಿಗೆ. ಗ್ಯಾರೇಜಿನ ಟ್ಯೂಬ್‌ಲೈಟಿನ ಕೆಳಗೆ ಮೂಗಿನ ಹತ್ತಿರ ಹಿಡಿದು ನೋಡಿ, ಇದು ಸರಿ ಬಂದಿಲ್ಲ ಅಂತ ಬಿಸಾಕುವವರು ಬಹಳ ಜನ. ನಾನೂ ಎರಡು ವರ್ಷ ಹಾಗೇ ಮಾಡಿದೆ.

ಆ ಮೂಲೆಯಲ್ಲಿ ಕಪ್ಪು ಬಟ್ಟೆ ಹೊದಿಸಿ ಇಟ್ಟಿರುವುದನ್ನು ಯಾರೂ ಈಗಲೇ ಎತ್ತಬೇಡಿ. ಅದು ಕೊನೆಗೆ.

ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿಯ ಈ ಊರಿಗೆ ನಾವು ಬಂದದ್ದು 2019ರಲ್ಲಿ. ಅಲ್ಲಿಯ ತನಕ ಅಪಾರ್ಟ್‌ಮೆಂಟು, ಬಾಗಿಲು ತಟ್ಟುವ ಮಕ್ಕಳೂ ಇರಲಿಲ್ಲ. ಮೊದಲ ಅಕ್ಟೋಬರಿನಲ್ಲಿ ಇಡೀ ಬೀದಿಯಲ್ಲಿ ಬೋಳಾಗಿದ್ದದ್ದು ನಮ್ಮದೊಂದೇ ಮನೆ. ಮಗಳು ದಿನಾ ಸ್ಕೂಲ್ ಬಸ್ಸು ಇಳಿದು ಬಂದು ಆ ವಿಷಯ ಹೇಳುವಳು. ಹೋಗಿ ಅಂಗಡಿಯಿಂದ ಪ್ಲಾಸ್ಟಿಕ್ಕಿನ ನಾಲ್ಕು ಗೋರಿಕಲ್ಲು ತಂದು ನೆಟ್ಟೆ. ಮೊದಲ ಗಾಳಿಗೇ ಮೂರು ಹಾರಿ ಹೋದವು. ಒಂದು ಎರಡು ಮನೆಯಾಚೆ ಪೊದೆಯಲ್ಲಿ ಸಿಕ್ಕಿತು, ಉಳಿದೆರಡು ಈವತ್ತಿಗೂ ಸಿಕ್ಕಿಲ್ಲ.

ಮರುವರ್ಷ, 2020ರಲ್ಲಿ, ಮನೆ ಕಟ್ಟುವ ಸಾಮಾನು ಮಾರುವ ಹೋಮ್ ಡಿಪೊದವರು 12 ಅಡಿ ಎತ್ತರದ ಅಸ್ಥಿಪಂಜರ ಬಿಟ್ಟರು, 299 ಡಾಲರು. ಎದುರು ಮನೆಗೆ ಒಂದು ಬಂತು. ನಮ್ಮ ಮಗಳ ಮುಖ ನೋಡಬೇಕಿತ್ತು. ಈ ಹಬ್ಬದ ಮೇಲೆ ಸುರಿಯುವ ದುಡ್ಡು ಎಷ್ಟು ಅಂದರೆ, 2023ರಲ್ಲಿ ಇಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಅಂದಾಜು 1,220 ಕೋಟಿ ಡಾಲರ್. ಮಿಠಾಯಿ, ವೇಷ, ಅಲಂಕಾರ ಎಲ್ಲ ಸೇರಿ. ಅದಕ್ಕೆ ನಾನೂ 299 ಸೇರಿಸಲು ಮನಸ್ಸು ಬರಲಿಲ್ಲ. ನಾನೂ ಡಿಪ್ಲೊಮಾ ಓದಿದವನೇ, ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡಿದವನೇ. ಆಮೇಲಿನ ಇಪ್ಪತ್ತು ವರ್ಷ ಮೌಸು ಬಿಟ್ಟು ಬೇರೆ ಉಪಕರಣ ಹಿಡಿದಿರಲಿಲ್ಲ, ಆ ಮಾತು ಬೇರೆ.

ಇನ್ನೊಂದು ಇಕ್ಕಟ್ಟು ನಿಮಗೆಲ್ಲ ಗೊತ್ತಿರುವುದೇ. ನಾನು ಗ್ಯಾರೇಜಿನಲ್ಲಿ ಕೂರುವ ದಿನಗಳಲ್ಲೇ ನನ್ನ ಹೆಂಡತಿ ಒಳಗೆ ದಸರಾ ಗೊಂಬೆ ಕೂರಿಸುತ್ತಿರುತ್ತಾಳೆ. ಅವಳು ಮೈಸೂರಿನವಳು, ಪಟ್ಟದ ಗೊಂಬೆಗಳ ವಿಷಯದಲ್ಲಿ ತಮಾಷೆ ನಡೆಯುವುದಿಲ್ಲ. ಮೆಟ್ಟಿಲಿಗೆ ಬೇಕಾದ ಹಲಗೆಯನ್ನು ನಾನು ಹೆಣದ ಪೆಟ್ಟಿಗೆಗೆ ಕೊಯ್ದುಬಿಟ್ಟ ವರ್ಷ ಮನೆಯಲ್ಲಿ ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ. ಆ ವರ್ಷ ಹೊಸಪೇಟೆಯಿಂದ ನಮ್ಮವ್ವ ಬಂದಿದ್ದಳು. ಒಳಗೂ ನೋಡಿದಳು, ಹೊರಗೂ ನೋಡಿದಳು. "ಒಳಗ ಗೊಂಬಿ, ಹೊರಗ ಹೆಣ. ಚಲೋ ಐತಪಾ ನಿಮ್ಮ ಮನಿ" ಅಂದಳು.

ಆದರೆ ಅವ್ವನಿಗೆ ಇದು ತೀರಾ ಹೊಸದಾಗಿಯೂ ಕಾಣಲಿಲ್ಲ. ಮನೆ ಕಟ್ಟುವಾಗ ಎದುರಿಗೆ ಕೋರೆಹಲ್ಲಿನ ದೃಷ್ಟಿಗೊಂಬೆ ತೂಗುಹಾಕುವವರು ನಾವು. ಬೂದುಗುಂಬಳಕಾಯಿಗೆ ಕಣ್ಣು ಮೀಸೆ ಬರೆದು ಬಾಗಿಲಿಗೆ ಕಟ್ಟುವವರು. ನಾನು ಕಿತ್ತಳೆ ಬಣ್ಣದ ಕುಂಬಳಕಾಯಿ ಕೊರೆಯುತ್ತಿದ್ದಾಗ ಅವಳು ಕೇಳಿದ್ದು ಒಂದೇ: "ಇದನ್ನ ಒಡಿಯೂದು ಯಾವಾಗ?"

ಅಂದ ಹಾಗೆ ಇದು ಮೊದಲು ಕುಂಬಳಕಾಯಿಯೇ ಅಲ್ಲ. ಐರ್ಲೆಂಡಿನಲ್ಲಿ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆ. ನವೆಂಬರ್ 1 ಸಕಲ ಸಂತರ ದಿನ, ಅದರ ಹಿಂದಿನ ರಾತ್ರಿ ಹ್ಯಾಲೊವೀನ್. ಇದಕ್ಕೂ ಹಿಂದಿನದು ಸುಗ್ಗಿ ಮುಗಿದು ಚಳಿಗಾಲ ಹೊಕ್ಕುವ ಸೌವಿನ್ ಹಬ್ಬ. ಅಲ್ಲಿನ ಮೇಯೋ ಕೌಂಟಿಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಡೊನೆಗಾಲ್ ಕಡೆಯ ಒಂದು ಹಳೆಯ ಟರ್ನಿಪ್ ದೆವ್ವದ ಪ್ಲಾಸ್ಟರ್ ಅಚ್ಚು ಇದೆ. ಚಿತ್ರ ಹುಡುಕಿ ನೋಡಿ. ಸುಕ್ಕು ಹಿಡಿದ ಮುದುಕನ ಮುಖ, ಕಿತ್ತ ಹಲ್ಲು. ನಮ್ಮ ನಗುವ ಕುಂಬಳಕಾಯಿ ಅದರ ಮುಂದೆ ಮಗು. ಹತ್ತೊಂಬತ್ತನೇ ಶತಮಾನದಲ್ಲಿ ಐರಿಷ್ ಜನ ಹಿಂಡುಹಿಂಡಾಗಿ ಈ ಕಡೆ ಬಂದರು. ಇಲ್ಲಿ ಕುಂಬಳಕಾಯಿ ದೊಡ್ಡದು, ಒಳಗೆ ಪೊಳ್ಳು, ಕೊರೆಯಲು ಸಲೀಸು. ಗಟ್ಟಿ ಗೆಡ್ಡೆಯನ್ನು ಚಮಚದಲ್ಲಿ ತೋಡಿದ ಕೈಗೆ ಅದೆಷ್ಟು ಸುಖ ಅನ್ನಿಸಿರಬೇಕು!

ಇರಲಿ, ಕಲ್ಲಿಗೆ ಬರೋಣ.

ಮಾಡುವ ಮೊದಲು ನೋಡಬೇಕು. ಅಂಗಡಿಯ ಗೋರಿಕಲ್ಲು ಯಾಕೆ ಸುಳ್ಳಾಗಿ ಕಾಣುತ್ತದೆ ಅಂದರೆ ಅದನ್ನು ಮಾಡಿದವರು ಇನ್ನೊಂದು ಅಂಗಡಿಯ ಗೋರಿಕಲ್ಲನ್ನು ನೋಡಿ ಮಾಡಿದ್ದಾರೆ. ನಾವಿರುವುದು ಮ್ಯಾಸಚೂಸೆಟ್ಸಿನಲ್ಲಿ. ಬಾಸ್ಟನ್ನಿನ ನಡುಮಧ್ಯೆ ಗ್ರ್ಯಾನರಿ ಸ್ಮಶಾನ ಇದೆ, 1660ರದ್ದು. ಒಂದು ಭಾನುವಾರ ಮಗಳನ್ನು ಕರೆದುಕೊಂಡು, ಪೆನ್ಸಿಲ್ ಕಾಗದ ಹಿಡಿದು ಹೋದೆ. ಕಲ್ಲಿನ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯುವುದು ಅಲ್ಲಿ ನಿಷಿದ್ಧ, ಕಲ್ಲು ಸವೆಯುತ್ತದೆ. ದೂರ ನಿಂತು ಬರೆದುಕೊಳ್ಳಿ, ಫೋಟೊ ತೆಗೆಯಿರಿ.

ಅಲ್ಲಿ ಏನು ಕಂಡೆವು? ಒಂದು, ಆಕಾರ. ಹಳೆಯ ಮಂಚದ ತಲೆಹಲಗೆ ನೆನಪಿಸಿಕೊಳ್ಳಿ. ನಡುವೆ ದೊಡ್ಡ ಕಮಾನು, ಎರಡು ಬದಿಗೆ ಎರಡು ಪುಟ್ಟ ಭುಜ. ಎರಡು, ದಪ್ಪ. ಸ್ಲೇಟು ತೆಳು ಕಲ್ಲು, ಎರಡು ಮೂರು ಇಂಚು ಅಷ್ಟೇ. ನಮ್ಮ ಫೋಮ್ ಹಾಳೆಯೂ ಎರಡು ಇಂಚು, ದೇವರೇ ಅಳತೆ ಕೊಟ್ಟ ಹಾಗೆ. ಮೂರು, ಮೇಲಿನ ಕಮಾನಿನಲ್ಲಿ ರೆಕ್ಕೆ ಬಂದ ತಲೆಬುರುಡೆ. ಹಳೆಯ ಕಲ್ಲುಗಳಲ್ಲಿ ಈ ಬುರುಡೆ, ಹದಿನೆಂಟನೇ ಶತಮಾನ ಮುಂದುವರಿದಂತೆ ಅದೇ ರೆಕ್ಕೆಗಳ ನಡುವೆ ದುಂಡುಮುಖದ ದೇವಶಿಶು, ಆಮೇಲೆ ಕಳಶ ಮತ್ತು ಬಾಗಿದ ವಿಲೋ ಮರ. 1960ರ ದಶಕದಲ್ಲಿ ಜೇಮ್ಸ್ ಡೀಟ್ಸ್ ಮತ್ತು ಎಡ್ವಿನ್ ಡೆತ್ಲೆಫ್ಸನ್ ಅನ್ನುವ ಇಬ್ಬರು ವಿದ್ವಾಂಸರು ಈ ಊರೂರುಗಳ ಸ್ಮಶಾನ ಸುತ್ತಿ, ಕಲ್ಲಿನ ಮೇಲಿನ ಇಸವಿ ನೋಡಿಕೊಂಡು ಈ ಬದಲಾವಣೆಯನ್ನು ಲೆಕ್ಕ ಹಾಕಿದರು. ಬುರುಡೆ ಕರಗುತ್ತಾ ಕರಗುತ್ತಾ ಮಗುವಿನ ಮುಖವಾಗುವುದು! ಮಗಳು ಒಂದೇ ಸಾಲಿನಲ್ಲಿ ಎರಡೂ ಇರುವ ಕಡೆ ನಿಂತು, ಅಪ್ಪಾ, ಇದಕ್ಕೆ ಕೆನ್ನೆ ಬಂದಿದೆ ನೋಡು ಅಂದಳು.

ನಾಲ್ಕನೆಯದು ನನಗೆ ತಿಳಿಯದೇ ಇದ್ದದ್ದು. ಮುನ್ನೂರು ವರ್ಷವಾದರೂ ಸ್ಲೇಟಿನ ಅಕ್ಷರ ನಿನ್ನೆ ಕೊರೆದ ಹಾಗಿದೆ. ಆಮೇಲೆ ಬಂದ ಅಮೃತಶಿಲೆಯ ಕಲ್ಲುಗಳೇ ಮಳೆಗೆ ಕರಗಿ ಸಕ್ಕರೆ ಅಚ್ಚಿನಂತಾಗಿವೆ. ಹಾಗಾಗಿ ಹಳೆಯದಾಗಿ ಕಾಣಲಿ ಅಂತ ಅಕ್ಷರವನ್ನು ಉಜ್ಜಿ ಮಸುಕು ಮಾಡಬೇಡಿ. ಸ್ಲೇಟು ವಾಲುತ್ತದೆ, ಪದರ ಪದರವಾಗಿ ಸಿಪ್ಪೆ ಏಳುತ್ತದೆ, ಮಣ್ಣಿನಲ್ಲಿ ಓರೆಯಾಗಿ ಹೂತುಹೋಗುತ್ತದೆ. ಅಕ್ಷರ ಮಾತ್ರ ನಿಲ್ಲುತ್ತದೆ.

ಈಗ ಕೆಲಸ. ಮನೆಯ ತಳಪಾಯದ ಗೋಡೆಗೆ ಚಳಿ ತಡೆಯಲು ಹಾಕುವ ಗಟ್ಟಿ ಫೋಮ್ ಹಾಳೆ ಇದೆಯಲ್ಲ, ಗುಲಾಬಿ ಇಲ್ಲವೇ ನೀಲಿ ಬಣ್ಣದ್ದು, ಅದು. ಟಿ.ವಿ. ಡಬ್ಬದಲ್ಲಿ ಬರುವ ಬಿಳಿ ಮಣಿಮಣಿ ಥರ್ಮಾಕೋಲ್ ಬೇಡ, ಕೊರೆದರೆ ಉದುರುತ್ತದೆ. ಹಾಳೆ 4 ಅಡಿಗೆ 8 ಅಡಿ. 24 ಇಂಚು ಅಗಲ, 32 ಇಂಚು ಎತ್ತರದ ಆರು ಕಲ್ಲು ಚೂರೂ ಉಳಿಯದಂತೆ ಬರುತ್ತವೆ. ಕಾಗದವನ್ನು ಉದ್ದಕ್ಕೆ ಮಡಚಿ ಅರ್ಧ ಆಕಾರ ಕತ್ತರಿಸಿ, ಬಿಡಿಸಿ, ಫೋಮಿನ ಮೇಲಿಟ್ಟು ಗೆರೆ ಎಳೆಯಿರಿ. ಕತ್ತರಿಸಲು ಉದ್ದನೆಯ ಹರಿತ ಚಾಕು ಸಾಕು. ಕಾದ ತಂತಿಯಿಂದಲೂ ಕತ್ತರಿಸುತ್ತಾರೆ. ಬೆಣ್ಣೆಯ ಹಾಗೆ ಹೋಗುತ್ತದೆ, ಆದರೆ ಆ ಹೊಗೆ ಒಳ್ಳೆಯದಲ್ಲ. ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿ, ಫ್ಯಾನು ಹಾಕದೆ ಅದನ್ನು ಮುಟ್ಟಬೇಡಿ.

ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಿ, ಅಂಟಿಸಿ, ಗುಂಡುಸೂಜಿಯಲ್ಲಿ ಚುಚ್ಚುತ್ತಾ ಹೋದರೆ ಚುಕ್ಕಿ ರಂಗೋಲಿಯಂತೆ ಕೆಳಗೆ ಅಚ್ಚು ಬೀಳುತ್ತದೆ. ಚುಕ್ಕಿ ಹಿಡಿದು, ಕೈಯಲ್ಲಿ ಹಿಡಿಯುವ ಪುಟ್ಟ ಕೊರೆಯುವ ಯಂತ್ರ ಡ್ರೆಮೆಲ್‌ನಲ್ಲಿ ಕೊರೆಯಿರಿ. ಮೂಗಿಗೆ ಮಾಸ್ಕು ಖಂಡಿತ ಬೇಕು. ಈ ಪುಡಿ ಮೈಗೆ, ಸ್ವೆಟರಿಗೆ, ಬೆಕ್ಕಿಗೆ ಅಂಟಿಕೊಂಡು ಮನೆಯೊಳಗೆ ಹೋಗುತ್ತದೆ. ಚಪಾತಿ ಹಿಟ್ಟಿನಲ್ಲಿ ಗುಲಾಬಿ ಚೂರು ಸಿಕ್ಕ ದಿನದಿಂದ ನನಗೆ ಗ್ಯಾರೇಜಿಗೇ ಬೇರೆ ಅಂಗಿ ನಿಗದಿಯಾಗಿದೆ. ಆಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಮೈತುಂಬ ಒತ್ತಿ. ನುಣುಪು ಹೋಗಿ ಕಲ್ಲಿನ ಮೈ ಬರುತ್ತದೆ. ಎಲ್ಲ ಕೆಲಸದಲ್ಲೂ ನನಗೆ ಹೆಚ್ಚು ಖುಷಿ ಕೊಡುವುದು ಈ ಐದು ನಿಮಿಷ.

ಬಣ್ಣದ ಹತ್ತಿರ ನಿಲ್ಲಿ. ಮೊದಲ ವರ್ಷ ನಾನು ಮೂರು ಕಲ್ಲು ಕೊರೆದು, ಹನ್ನೆರಡು ಗಂಟೆ ಕೆಲಸ ಮುಗಿಸಿ, ಹುರುಪಿನಲ್ಲಿ ಸ್ಪ್ರೇ ಪೇಂಟಿನ ಡಬ್ಬಿ ಎತ್ತಿಕೊಂಡೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಚುರ್ ಅನ್ನುವ ಸಣ್ಣ ಶಬ್ದ. ಅಕ್ಷರಗಳು ಒಂದೊಂದಾಗಿ ಒಳಕ್ಕೆ ಕುಸಿಯತೊಡಗಿದವು. ಸ್ಪ್ರೇಯಲ್ಲಿರುವ ದ್ರಾವಕ ಫೋಮನ್ನು ತಿನ್ನುತ್ತದೆ. ಮಗಳು ಪಕ್ಕದಲ್ಲೇ ನಿಂತು, ಅಪ್ಪಾ ಇದು ಹೀಗೇ ಆಗಬೇಕಾ ಅಂತ ಕೇಳಿದಳು. ಹೌದು ಅಂದೆ. ಆ ಮೂರನ್ನೂ ನಾನು ಎಸೆಯಲಿಲ್ಲ. ಗೆದ್ದಲು ತಿಂದ ಕಲ್ಲಿನಂತೆ ಕಾಣುತ್ತಿದ್ದವು, ಹಿಂದಿನ ಸಾಲಿನಲ್ಲಿ ನೆಟ್ಟೆ. ಜನ ನಿಂತು ಫೋಟೊ ತೆಗೆದದ್ದು ಅವುಗಳದ್ದೇ. ಈಗ ಬೇಕೆಂದೇ ಅಂಚಿಗೆ ಒಂದೆರಡು ಕಡೆ ಸ್ಪ್ರೇ ಮುಟ್ಟಿಸುತ್ತೇನೆ. ಆದರೆ ಮೊದಲು ನೀರಿನಲ್ಲಿ ಕಲಸುವ ಹೊರಗೋಡೆ ಬಣ್ಣ ಎರಡು ಕೋಟು, ಪೂರ್ತಿ ಕಪ್ಪು. ಅದು ಒಣಗಿದ ಮೇಲೆ ಬೂದು. ಬೂದು ಒಣಗಿದ ಮೇಲೆ ಇನ್ನೂ ತಿಳಿ ಬೂದು ಬಣ್ಣಕ್ಕೆ ಬ್ರಷ್ಷು ಅದ್ದಿ, ಬಹುಪಾಲು ಬಟ್ಟೆಗೆ ಒರೆಸಿಬಿಟ್ಟು, ಉಳಿದದ್ದನ್ನು ಮೇಲುಮೇಲೆ ಸವರಿ. ಉಬ್ಬುಗಳಿಗೆ ಮಾತ್ರ ಹತ್ತುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಕೊನೆಗೆ ಕಪ್ಪನ್ನು ನೀರುನೀರು ಮಾಡಿ ಸ್ಪ್ರೇ ಬಾಟಲಿಯಲ್ಲಿ ತುಂಬಿ, ಕಲ್ಲನ್ನು ನಿಲ್ಲಿಸಿ, ಮೇಲಿನಿಂದ ಹೊಡೆದು ಇಳಿಯಲು ಬಿಡಿ. ಮಳೆಯ ಕಲೆ ಯಾವತ್ತೂ ಮೇಲಿನಿಂದ ಕೆಳಕ್ಕೆ. ಮಲಗಿಸಿಟ್ಟು ಕಲೆ ಹಾಕಿದವರ ಕಲ್ಲು ದೂರದಿಂದಲೇ ಗೊತ್ತಾಗುತ್ತದೆ.

ಕಲ್ಲಿನ ಹಿಂದೆ ಎರಡು ಉದ್ದ ತೋಡು ಕೊರೆದು ಪ್ಲಾಸ್ಟಿಕ್ ಪೈಪು ಕೂರಿಸಿ. ನೆಲಕ್ಕೆ ಕಬ್ಬಿಣದ ಸರಳು ಹೊಡೆದು, ಪೈಪನ್ನು ಅದರ ಮೇಲೆ ಇಳಿಸಿದರೆ ಅಕ್ಟೋಬರಿನ ಗಾಳಿಯಲ್ಲ, ಅದರಪ್ಪ ಬಂದರೂ ಅಲ್ಲಾಡದು.

ಕಲ್ಲಿನ ಮೇಲೆ ಏನು ಬರೆಯಬೇಕು? ತಮಾಷೆಯ ಹೆಸರು ಬರೆಯುವುದು ಇಲ್ಲಿನ ವಾಡಿಕೆ. ನಾನೂ ಬರೆದಿದ್ದೆ. ಒಂದು ವರ್ಷ ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು, ಗಂಡನನ್ನು ಆ ಬೇಸಿಗೆಯಲ್ಲಷ್ಟೇ ಕಳೆದುಕೊಂಡವರು, ನಾಯಿ ಹಿಡಿದು ಹೋಗುತ್ತಾ ನಿಂತು ಎಲ್ಲ ಕಲ್ಲನ್ನೂ ಓದಿದರು. ಏನೂ ಅನ್ನಲಿಲ್ಲ, ಒಳ್ಳೆಯ ಕೆಲಸ ಅಂತ ಮೆಚ್ಚಿ ಹೋದರು. ಮರುದಿನದಿಂದ ಆಚೆ ಬದಿಯ ಕಾಲುದಾರಿ ಹಿಡಿದರು. ಅಂದಿನಿಂದ ನನ್ನ ಕಲ್ಲುಗಳಲ್ಲಿ ಹೆಸರಿಲ್ಲ. ರೆಕ್ಕೆಯ ಬುರುಡೆ, ಒಂದು ಹಳೆಯ ಇಸವಿ, ಅಷ್ಟೇ. ಮ್ಯಾಸಚೂಸೆಟ್ಸಿನದೇ ಊರಾದ ಸೇಲಂ ನಮಗೆ ದೂರವಲ್ಲ. ಅಕ್ಟೋಬರಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲೆಲ್ಲೂ ಮಾಟಗಾತಿಯ ಟೋಪಿ. 1692ರಲ್ಲಿ ಮಾಟದ ಆರೋಪ ಹೊರಿಸಿ ಅಲ್ಲಿ ನೇಣಿಗೆ ಹಾಕಿದ 19 ಮಂದಿಯಲ್ಲಿ ಒಬ್ಬರೂ ಮಾಟ ಮಾಡಿದವರಲ್ಲ, ನೆರೆಯವರ ದೂರಿಗೆ ಸತ್ತ ಸಾಮಾನ್ಯ ಜನ. ಅವರ ಹೆಸರನ್ನು ಫೋಮಿನ ಮೇಲೆ ಕೊರೆದು ಮನೆ ಮುಂದೆ ಇಡುವುದನ್ನು ನೋಡಿದ್ದೇನೆ. ನನ್ನ ಕೈಯಲ್ಲಿ ಆಗದು.

ಕಲ್ಲಾಯಿತು, ಈಗ ಆಳು. ನಮ್ಮ ಹೊಲದ ಬೆದರುಬೊಂಬೆ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮರದ ರೀಪಿನ ಶಿಲುಬೆ, ಅದಕ್ಕೆ ಕೋಳಿಗೂಡಿನ ಜಾಲರಿ ಸುತ್ತಿ ಎದೆ, ಭುಜ. ಹೊದಿಸಲು ಗೋಣಿತಾಟು. ಈ ದೇಶದಲ್ಲಿ ಬರ್ಲ್ಯಾಪ್ ಅಂತ ಮಾರುತ್ತಾರೆ, ಸೆಣಬು ಬರುವುದು ನಮ್ಮ ಬಂಗಾಳದ ಕಡೆಯಿಂದಲೇ. ಇಂಗ್ಲಿಷಿನವರ ಗನ್ನಿ ಬ್ಯಾಗೂ ನಮ್ಮ ಗೋಣಿಯೇ. ಅದನ್ನು ಅದ್ದುವ ಕೆಸರಿಗೆ ಇಲ್ಲಿನ ಹವ್ಯಾಸಿಗಳು ಮಾನ್‌ಸ್ಟರ್ ಮಡ್ ಅನ್ನುತ್ತಾರೆ. ಗೋಡೆ ಹಲಗೆಯ ಸಂದಿಗೆ ಮೆತ್ತುವ ಪುಟ್ಟಿ ಐದು ಪಾಲು, ನೀರಿನ ಬಣ್ಣ ಒಂದು ಪಾಲು. ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತ ತೆಳು. ತಾಟನ್ನು ಅದ್ದಿ, ಹಿಂಡಿ, ಚೌಕಟ್ಟಿನ ಮೇಲೆ ಹೊದಿಸಿ ಎರಡು ಮೂರು ದಿನ ಬಿಟ್ಟರೆ ಕಲ್ಲಿನಂತೆ ನಿಲ್ಲುತ್ತದೆ.

ಹೊದಿಸುವುದರಲ್ಲೇ ಎಲ್ಲ ಇದೆ. ನಾನು ಹೊದಿಸಿದ್ದು ಒಣಗಲು ಹಾಕಿದ ಕಂಬಳಿಯ ಹಾಗಿತ್ತು. ನನ್ನ ಹೆಂಡತಿ ಕಸದ ಡಬ್ಬಿ ಇಡಲು ಬಂದವಳು ಹತ್ತು ಸೆಕೆಂಡು ನೋಡಿ, ಗೊಂಬೆಗೆ ಸೀರೆ ಉಡಿಸಿ ಗೊತ್ತಿದ್ದರೆ ಹೀಗೆ ಮಾಡುತ್ತಿರಲಿಲ್ಲ ನೀವು ಅಂದಳು. ತೋಳು ಮಡಚಿ, ಕೆಸರಿಗೆ ಕೈ ಹಾಕಿ, ಭುಜದಿಂದ ಒಂದು ಕಡೆಗೆ ನೆರಿಗೆ ಹಿಡಿದು, ಸೊಂಟದ ಹತ್ತಿರ ಒಂದು ಪಿನ್ನು ಚುಚ್ಚಿದಳು. ಅಷ್ಟೇ. ಒಳಗೊಂದು ಮೈ ಇದೆ, ಅದು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದೆ ಅನ್ನಿಸಿತು. ಆ ವೇಷ ಈಗಲೂ ಇದೆ, ನನ್ನ ಹೆಸರಿನಲ್ಲಿ ಮೆರೆಯುತ್ತಿದೆ.

ಒಂದು ಎಚ್ಚರಿಕೆ. ಈ ಪುಟ್ಟಿ ನೀರಿಗೆ ಕರಗುತ್ತದೆ. ಒಣಗಿದ ಮೇಲೆ ಹೊರಗೋಡೆಯ ಬಣ್ಣವನ್ನು ಒಳಮೈಗೂ, ಮುಖ್ಯವಾಗಿ ನೆಲ ಮುಟ್ಟುವ ಅಂಚಿಗೂ ಬಳಿಯಬೇಕು. ನಾನು ಅಂಚು ಬಿಟ್ಟಿದ್ದೆ. ಎರಡು ದಿನದ ಮಳೆಗೆ ಸೆರಗು ಮೊಸರಾಗಿ ಹುಲ್ಲಿನ ಮೇಲೆ ಹರಡಿಕೊಂಡಿತು.

ತಲೆ ಕಾಗದದ್ದು. ಬಲೂನು ಊದಿ, ಹಳೆಯ ಪೇಪರು ಚೂರು ಅಂಟಿನಲ್ಲಿ ಅದ್ದಿ ನಾಲ್ಕೈದು ಪದರ. ನಮ್ಮ ದೊಡ್ಡಪ್ಪನಿಗೆ ಹೊಸಪೇಟೆಯಲ್ಲಿ ಬುಕ್ ಬೈಂಡಿಂಗ್ ಅಂಗಡಿ ಇತ್ತು. ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಬೀಳದಿರಲಿ ಅಂತ. ಅದು ವಿಷ, ಮಕ್ಕಳ ಕೈಗೆ ಬೇಡ. ನಾನು ಬಿಳಿ ಫೆವಿಕಾಲ್ ಜಾತಿಯ ಅಂಟು, ಸ್ವಲ್ಪ ಉಪ್ಪು ಹಾಕುತ್ತೇನೆ. ಬರೀ ಮೈದಾ ಅಂಟಿನಲ್ಲಿ ಮಾಡಿದ ಮೊದಲ ತಲೆಯನ್ನು ಚಳಿಗಾಲದಲ್ಲಿ ಗ್ಯಾರೇಜಿನ ಇಲಿಗಳು ತಿಂದವು, ಮೂಗಿನಿಂದ ಶುರು ಮಾಡಿ. ಮಾರ್ಚಿನಲ್ಲಿ ಪೆಟ್ಟಿಗೆ ತೆಗೆದಾಗ ನಾನು ಮಾಡಿದ್ದಕ್ಕಿಂತ ಅದೇ ಭಯಂಕರವಾಗಿತ್ತು.

ನಮ್ಮ ಕಡೆ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಗೊಂಬೆ ಮಾಡುವುದನ್ನು ಕೆಲವರಾದರೂ ನೋಡಿರುತ್ತೀರಿ. ಹಗುರ ಮರ ಕೆತ್ತಿ, ಜೋಡಣೆಗೆ ಹುಣಸೆಬೀಜದ ಅಂಟು. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಜೊತೆ ಕಲಸಿ 'ಕಿಟ್ಟ' ಮಾಡುತ್ತಾರೆ. ಉಬ್ಬು ತಗ್ಗುಗಳನ್ನು ತಿದ್ದುವುದು ಅದರಲ್ಲಿ. ನನ್ನ ಗ್ಯಾರೇಜಿನ ಕೆಸರಿಗೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ? ಗೋಣಿ ಅದೇ, ಅಂಟು ಬೇರೆ. ಅವರ ಕೈ ನನಗಿಲ್ಲ, ಅದೊಂದು.

ತಲೆ ಕೂರಿಸುವಾಗ ಕತ್ತನ್ನು ಸ್ವಲ್ಪ ಓರೆ ಮಾಡಿ. ನೆಟ್ಟಗಿದ್ದರೆ ಅದು ಅಂಗಡಿಯ ಗೊಂಬೆ. ಒಂದು ಕಿವಿ ಭುಜದ ಕಡೆ ಎರಡು ಬೆರಳು ಇಳಿದರೆ, ಅದು ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದೆ. ರಕ್ತ, ಕರುಳು, ಕೊಡಲಿ ಯಾವುದೂ ಬೇಡ.

ಇಲ್ಲೊಬ್ಬರು ಕೇಳುತ್ತಿದ್ದಾರೆ, ಗ್ಯಾರೇಜು ಇಲ್ಲದವರು ಏನು ಮಾಡಬೇಕು ಅಂತ. ಕಿಟಕಿ ಇದೆಯಲ್ಲ? ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಒಂದು ಆಳಿನ ನೆರಳು ಕತ್ತರಿಸಿ ಕಿಟಕಿಗೆ ಅಂಟಿಸಿ, ಹಿಂದೆ ತೆಳು ಪರದೆ, ಅದರ ಹಿಂದೆ ಒಂದು ಮಂದ ದೀಪ. ಖರ್ಚು ಎರಡು ಡಾಲರು. ಕೆಳಗಿನಿಂದ ನೋಡಿದವರು ಒಂದು ಕ್ಷಣ ನಿಲ್ಲದೆ ಹೋಗುವುದಿಲ್ಲ.

ಬೆಳಕಿನ ಮಾತು ಬಂತು. ಜನ ಮಾಡುವ ದೊಡ್ಡ ತಪ್ಪು, ಅಷ್ಟು ಕಷ್ಟಪಟ್ಟಿದ್ದೇವೆ ಎಲ್ಲರಿಗೂ ಕಾಣಲಿ ಅಂತ ಎದುರಿನಿಂದ ದೊಡ್ಡ ದೀಪ ಬಿಡುವುದು. ನನ್ನ ಹೆಬ್ಬೆಟ್ಟಿನ ಅಚ್ಚು ಆಗ ಕಾಣುತ್ತದೆ. ದೀಪ ಕೆಳಗಿರಲಿ, ಬದಿಗಿರಲಿ, ಪುಟ್ಟದಿರಲಿ. ಪಕ್ಕದಿಂದ ಬಿದ್ದ ಬೆಳಕಿಗೆ ಅರ್ಧ ಇಂಚಿನ ಅಕ್ಷರವೂ ಬಾವಿಯಾಗುತ್ತದೆ. ಹೊಗೆ ಯಂತ್ರ ತರುವವರು ಇದೊಂದು ತಿಳಿದುಕೊಳ್ಳಿ. ಅದು ಗ್ಲೈಕಾಲ್ ಬೆರೆಸಿದ ನೀರನ್ನು ಕಾಯಿಸಿ ಬಿಡುವ ಹೊಗೆ, ಬಿಸಿಯಾದ್ದರಿಂದ ನೇರ ಆಕಾಶಕ್ಕೆ ಏರುತ್ತದೆ. ಒಂದು ಐಸ್‌ಪೆಟ್ಟಿಗೆಯಲ್ಲಿ ಜಾಲರಿ ಹಾಕಿ, ಮೇಲೆ ಐಸು ತುಂಬಿ, ಹೊಗೆಯನ್ನು ಅದರ ಮೂಲಕ ಹಾಯಿಸಿದರೆ ತಣ್ಣಗಾಗಿ ನೆಲ ಹಿಡಿಯುತ್ತದೆ. ಗಾಳಿ ಇರುವ ದಿನ ಅದೂ ಇಲ್ಲ, ಇದೂ ಇಲ್ಲ.

ಮಕ್ಕಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮೂರನೇ ವರ್ಷ ಮೆಟ್ಟಿಲ ಪಕ್ಕ ಒಂದು ಹೆಣ ಎದ್ದು ಕೂರುವ ಹಾಗೆ ಮಾಡಿದ್ದೆ. ಯಾರು ಹತ್ತಿರ ಬಂದರೂ ಸೆನ್ಸರ್ ಹಿಡಿಯುತ್ತಿತ್ತು. ಸೆನ್ಸರಿಗೆ ವಯಸ್ಸು ತಿಳಿಯುತ್ತದೆಯೇ? ಜೇನುಹುಳದ ವೇಷ ಹಾಕಿದ ನಾಲ್ಕು ವರ್ಷದ ಹುಡುಗಿ ಬಂದಳು. ಕಿರುಚಿ, ಹಿಂದೆ ತಿರುಗಿ, ಮೆಟ್ಟಿಲಿನಿಂದ ಬಿದ್ದಳು. ಮಂಡಿ ತರಚಿತು, ಚಾಕೊಲೇಟು ಹುಲ್ಲಿನ ಮೇಲೆ ಚೆಲ್ಲಿತು. ಅವರಪ್ಪ ನನ್ನನ್ನು ನೋಡಿದ ರೀತಿ ಇದೆಯಲ್ಲ, ಬೈದಿದ್ದರೆ ವಾಸಿಯಿತ್ತು. ಅವತ್ತೇ ಸೆನ್ಸರ್ ಕಿತ್ತೆ. ಈಗ ಸ್ವಿಚ್ಚು ನನ್ನ ಕೈಯಲ್ಲಿ. ಪುಟ್ಟ ಮಕ್ಕಳು ಬಂದರೆ ಎಲ್ಲ ನಿಶ್ಚಲ, ದೊಡ್ಡ ಹುಡುಗರು ಬಂದು ಇದೆಲ್ಲ ಫೋಮು ಕಣೋ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗ ಒತ್ತುತ್ತೇನೆ. ನಡೆಯುವ ದಾರಿಯಲ್ಲಿ ತಂತಿ ಇರಕೂಡದು. ಗೋಣಿ, ಒಣಹುಲ್ಲು ಇರುವಲ್ಲಿ ಮೇಣದಬತ್ತಿ ಬೇಡವೇ ಬೇಡ, ಎಲ್‌ಇಡಿ ಸಾಕು.

ಇನ್ನೊಂದು ಗೆರೆ ನಮ್ಮ ಮನೆಯಲ್ಲಿದೆ. ಒಂದು ಸಿನಿಮಾ ನೋಡಿ ಬಂದ ಮಗ, ಈ ಸಲ ಪಂಜುರ್ಲಿ ಮುಖವಾಡ ಮಾಡೋಣ ಅಂದ. ಮಾಡಲು ಬರುತ್ತಿರಲಿಲ್ಲವೆಂದಲ್ಲ. ಅದು ತುಳುನಾಡಿನಲ್ಲಿ ಜನ ಕೈಮುಗಿದು ಕಷ್ಟ ಹೇಳಿಕೊಳ್ಳುವ ದೈವ, ಚಾಕೊಲೇಟು ಹಂಚುವ ಬಾಗಿಲಿನ ಬೆದರುಬೊಂಬೆಯಲ್ಲ. ಅವನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಅವನೇ ಗೂಬೆಯ ಮುಖವಾಡ ಮಾಡಿಕೊಂಡ.

2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೊವೀನೂ ಒಂದೇ ದಿನ ಬಿದ್ದವು, ಅಕ್ಟೋಬರ್ 31. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಬಾಗಿಲಲ್ಲಿ ರಂಗೋಲಿ, ಹಣತೆ, ಐದು ಹೆಜ್ಜೆ ಆಚೆ ಹದಿನಾಲ್ಕು ಗೋರಿಕಲ್ಲು. ಒಬ್ಬ ಹುಡುಗ ಕಲ್ಲುಗಳ ನಡುವೆ ಧೈರ್ಯವಾಗಿ ನಡೆದು ಬಂದು, ರಂಗೋಲಿಯ ಹತ್ತಿರ ನಿಂತುಬಿಟ್ಟ. ಇದನ್ನು ತುಳಿದರೆ ಏನಾಗುತ್ತದೆ ಅಂತ ಕೇಳಿದ.

ಸರಿ, ಈಗ ಆ ಮೂಲೆ. ಬಟ್ಟೆ ತೆಗೆಯುತ್ತೇನೆ, ಮೊದಲು ದೀಪದಲ್ಲೇ ನೋಡಿಬಿಡಿ, ಗುಟ್ಟೇನಿಲ್ಲ. ಇದು ಕಾರಿನ ವೈಪರ್ ಮೋಟರ್, ಗುಜರಿಯಿಂದ ತಂದದ್ದು. ಮಳೆಯಲ್ಲಿ ಗಾಜು ಒರೆಸಲು ಮಾಡಿದ್ದು, ಸಣ್ಣದಾದರೂ ಎತ್ತಿನ ಶಕ್ತಿ. 12 ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಸುಮಾರು 40 ಸುತ್ತು. ಅದು ದೆವ್ವಕ್ಕೆ ಬಹಳ ಅವಸರ, ಕುಣಿದ ಹಾಗಾಗುತ್ತದೆ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯಿಂದ 5 ವೋಲ್ಟ್ ಕೊಟ್ಟಿದ್ದೇನೆ, ಅರ್ಧಕ್ಕೂ ಕಡಿಮೆ ವೇಗ. ಮೋಟರಿನ ಮೇಲೆ ಈ ಪಟ್ಟಿ ತಿರುಗುತ್ತದೆ. ಪಟ್ಟಿಯ ತುದಿಯಿಂದ ಮೂರು ಗಾಳದ ದಾರ ಹೊರಟು, ಮೇಲಿನ ಮೂರು ಕೊಂಡಿಗಳ ಮೂಲಕ ಇಳಿಯುತ್ತವೆ. ನಡುವಿನದು ತಲೆಗೆ, ಎರಡು ಬದಿಯವು ಎರಡು ಕೈಗೆ. ಮೋಟರು ಸುಮ್ಮನೆ ಸುತ್ತುತ್ತದೆ. ಆದರೆ ಕೊಂಡಿಗಳು ಬೇರೆಬೇರೆ ಜಾಗದಲ್ಲಿ ಇರುವುದರಿಂದ ಒಂದು ಕೈ ಏಳುವಾಗ ತಲೆ ಇನ್ನೂ ಬಾಗಿರುತ್ತದೆ, ತಲೆ ಎತ್ತುವಷ್ಟರಲ್ಲಿ ಇನ್ನೊಂದು ಕೈ ಇಳಿದಿರುತ್ತದೆ. ನಮ್ಮ ಸೂತ್ರದ ಗೊಂಬೆಯಾಟದವರಿಗೆ ಬೆರಳ ತುದಿಯಲ್ಲಿರುವ ವಿದ್ಯೆ, ಇಲ್ಲಿ ಒಂದು ಚಕ್ರ ಮಾಡುತ್ತಿದೆ.

ಮೈಮೇಲಿರುವುದು ಜಾಳು ಬಟ್ಟೆ, ಚೀಸ್ ಸೋಸುವುದು. ಬಣ್ಣ ಏನೂ ಬಳಿದಿಲ್ಲ. ಬಟ್ಟೆ ಒಗೆಯುವ ಪುಡಿಯಲ್ಲಿ ಎರಡು ಸಲ ಅದ್ದಿ, ಹಿಂಡದೆ ಒಣಗಿಸಿದ್ದೇನೆ. ಬಿಳುಪು ಹೊಳೆಯಲೆಂದು ಆ ಪುಡಿಯಲ್ಲಿ ಸೇರಿಸಿರುವ ವಸ್ತು ಈ ಅತಿನೇರಳೆ ದೀಪಕ್ಕೆ ತಾನಾಗಿ ಬೆಳಗುತ್ತದೆ. ದಾರ ಬೆಳಗುವುದಿಲ್ಲ, ಮೋಟರು ಬೆಳಗುವುದಿಲ್ಲ. ಅಂದ ಹಾಗೆ, ನಿಮ್ಮ ಬಿಳಿ ಅಂಗಿಗಳೂ ಬೆಳಗುತ್ತವೆ, ಗಾಬರಿಯಾಗಬೇಡಿ.

ಹಿಂದಿನ ಸಾಲಿನವರು ಎದ್ದು ಮುಂದೆ ಬರಬೇಡಿ, ಅಲ್ಲಿಂದಲೇ ಚೆನ್ನಾಗಿರುತ್ತದೆ. ಮುಂದೆ ಕೂತಿರುವ ಮಕ್ಕಳು ಬೇಕಾದರೆ ಅಮ್ಮನ ಹತ್ತಿರ ಹೋಗಿ, ನಾನು ಕಾಯುತ್ತೇನೆ. ಎಲ್ಲರೂ ಕೂತಿರಾ? ಬಾಗಿಲ ಹತ್ತಿರ ಇರುವವರು ಆ ದೀಪ ಆರಿಸಿ.